ಸೂಚನೆಗಳನ್ನು ಗಮನವಿಟ್ಟು ಓದಿರಿ

ನಾನು ಬರೆದ ಸೂಚನೆಗಳಲ್ಲಿ ಒಂದೂ ತಪ್ಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತಾಳವಾಡಿಯ ಟೀ ಅಂಗಡಿಗಳಲ್ಲಿ ಬೇರೆ ಥರ ಮಾತಾಡಿಕೊಳ್ಳುತ್ತಿದ್ದಾರೆ. ಅರವತ್ತು ದಾಟಿದವರು ದೂರದ ಪಾದಯಾತ್ರೆಗೆ ಹೊರಡುವ ಮುನ್ನ ತಿಳಿದಿರಬೇಕಾದ್ದನ್ನೆಲ್ಲ ಪುಸ್ತಕ ನೋಡಿ, ಡಾಕ್ಟರನ್ನು ಕೇಳಿ, ಕ್ರಮಸಂಖ್ಯೆ ಹಾಕಿ, ಮುಖ್ಯವಾದ ಕಡೆ ಅಡಿಗೆರೆ ಎಳೆದು, ಹಾಳೆಯ ಎರಡೂ ಬದಿಗೆ ಬರೆದಿದ್ದೆ. ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನಿಗೆ ಸುತ್ತೋಲೆ ಹೊರಡಿಸದೆ ಯಾವ ಕೆಲಸವನ್ನೂ ಶುರುಮಾಡಲು ಬರುವುದಿಲ್ಲ. ಜೆರಾಕ್ಸ್ ಮಾಡಿಸಿ ನಮ್ಮ ದೊಡ್ಡಗಾಜನೂರಿನ ಪರಸೆಯವರಿಗೆಲ್ಲ ತಲೆಗೊಂದರಂತೆ ಹಂಚಿದೆ.

"ಪರೀಕ್ಷ ಯಾವತ್ತು ಸಾ?" ಅಂತ ಒಬ್ಬ ಕೇಳಿದ. ನಕ್ಕು ಸುಮ್ಮನಾದೆ.

ಪರಸೆಯಲ್ಲಿ ಮುಕ್ಕಾಲು ಪಾಲು ನನ್ನ ಹಳೆಯ ವಿದ್ಯಾರ್ಥಿಗಳೇ. ಐವತ್ತರ ಆಸುಪಾಸಿನವರು, ಮೊಮ್ಮಕ್ಕಳನ್ನು ಕಂಡವರೂ ಇದ್ದಾರೆ. ಶಾಲೆಯಲ್ಲಿದ್ದಾಗ ನಾನು ಕೊಟ್ಟ ಒಂದು ಪುಟವನ್ನೂ ಓದದಿದ್ದವರು ಈ ಹಾಳೆಯನ್ನು ಮಾತ್ರ ಬಾಯಿಪಾಠ ಮಾಡಿಬಿಟ್ಟರು. ಅನಾಹುತವೆಲ್ಲ ಶುರುವಾದದ್ದು ಅಲ್ಲಿಂದ.

ಹೋಗುವುದು ಮಾದಪ್ಪನ ಬೆಟ್ಟಕ್ಕೆ, ಶಿವರಾತ್ರಿಗೆ. ತಾಳವಾಡಿ, ಗಡಿ ದಾಟಿ ಚಾಮರಾಜನಗರ, ಸಂತೇಮರಹಳ್ಳಿ, ಯಳಂದೂರು, ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳುಬೆಟ್ಟ. ಕಿಲೋಮೀಟರು ನೂರನ್ನು ಧಾರಾಳವಾಗಿ ದಾಟುತ್ತದೆ. 1956ರ ನವೆಂಬರ್ 1ಕ್ಕೆ ಮುಂಚೆ ಕೊಳ್ಳೇಗಾಲವೂ ತಾಳವಾಡಿಯೂ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. ಗೆರೆ ಎಳೆದವರು ಕೊಳ್ಳೇಗಾಲವನ್ನು ಮೈಸೂರಿಗೆ ಕೊಟ್ಟರು, ನಮ್ಮನ್ನು ಮದರಾಸಿನಲ್ಲೇ ಬಿಟ್ಟರು. ಮಾದಪ್ಪ ಕೊಳ್ಳೇಗಾಲದ ಜೊತೆ ಹೋದ. 1979ರಲ್ಲಿ ನಮ್ಮ ಜಿಲ್ಲೆಯ ಹೆಸರು ಪೆರಿಯಾರ್ ಅಂತಾಯಿತು, ಆಮೇಲೆ ಈರೋಡು ಅಂತಾಯಿತು. ಮಾತು, ನೆಂಟಸ್ತನ, ಹರಕೆ ಮೂರೂ ಗಡಿಯಾಚೆಗೇ ಹೋಗುತ್ತ ಬಂದವು.

ಹರಕೆ ಹೊತ್ತವನು ನಾನಲ್ಲ, ನಮ್ಮವಳು. ನನ್ನ ಮಂಡಿನೋವು ವಾಸಿಯಾದರೆ ಆ ಮಂಡಿಯನ್ನೇ ನಡೆಸಿಕೊಂಡು ಬರುತ್ತೇನೆ ಅಂತ ಮಾದಪ್ಪನಿಗೆ ಹೇಳಿಕೊಂಡಿದ್ದಳು. ವಾಸಿಯೇನೂ ಆಗಿರಲಿಲ್ಲ. ಆದರೆ ಯಾರೋ ವಿಚಾರಿಸಿದಾಗ ನಾನು ಜಗಲಿಯ ಮೇಲೆ ಕೂತು "ಈಗ ಪರವಾಗಿಲ್ಲ" ಅಂದುಬಿಟ್ಟೆ. ಒಳಗಿದ್ದವಳು ಆ ಮಾತನ್ನು ಹಾಗೇ ದೇವರಿಗೆ ತಲುಪಿಸಿದಳು.

ಈಗ ಮೊದಲನೆಯ ಸೂಚನೆ. ಮೂರು ತಿಂಗಳು ಮುಂಚಿನಿಂದ ದಿನವೂ ನಡೆಯಿರಿ, ವಾರ ವಾರಕ್ಕೆ ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಕೊನೆಯ ವಾರಗಳಲ್ಲಿ ಹೊರಬೇಕಾದ ಚೀಲವನ್ನೇ ಹೊತ್ತು, ಏರು ತಗ್ಗು ಇರುವ ಕಡೆ, ಬೆನ್ನುಬೆನ್ನಿಗೆ ಎರಡು ದಿನ ನಡೆದು ನೋಡಿ. ಒಂದು ದಿನ ಯಾರು ಬೇಕಾದರೂ ನಡೆದಾರು, ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಏಳುವುದರಲ್ಲಿದೆ ವಿದ್ಯೆ. ಇದಕ್ಕಿಂತ ಒಳ್ಳೆಯ ಸಲಹೆ ಯಾರು ಕೊಟ್ಟಾರು? ಇದನ್ನು ತಿದ್ದಿ ತೀಡಿ ಬರೆಯುವುದರಲ್ಲೇ ನನ್ನ ಮೂರು ತಿಂಗಳೂ ಕಳೆದವು. ವ್ಯಾಯಾಮವನ್ನು ಪೂರಾ ಬಿಟ್ಟಿದ್ದೆ ಅಂತಲ್ಲ. ನಮ್ಮೂರಿನ ಅಣ್ಣಾವ್ರು 1983ರ 'ಕಾಮನಬಿಲ್ಲು' ಚಿತ್ರದಲ್ಲಿ, ಐವತ್ತು ದಾಟಿದ ಮೇಲೂ, ಮೈಯನ್ನು ಹೇಗೆ ಬೇಕೋ ಹಾಗೆ ಬಗ್ಗಿಸಿ ಹಾಕಿದ ಆಸನಗಳಿವೆಯಲ್ಲ, ಅವನ್ನು ಟೀವಿಯಲ್ಲಿ ಬಂದಾಗಲೆಲ್ಲ ತಪ್ಪದೆ ನೋಡಿದ್ದೇನೆ.

ಬೂಟಿನ ವಿಷಯಕ್ಕೆ ಹಾಳೆಯಲ್ಲಿ ಅರ್ಧ ಪುಟವೇ ಮೀಸಲಿತ್ತು. ಬೂಟನ್ನು ಸಾಯಂಕಾಲ ಕೊಳ್ಳಬೇಕು, ಏಕೆಂದರೆ ಹೊತ್ತು ಇಳಿಯುವಷ್ಟರಲ್ಲಿ ಕಾಲು ಊದಿರುತ್ತದೆ. ಮುಂದೆ ಹೆಬ್ಬೆರಳಗಲ ಜಾಗ ಬಿಡಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಬಡಿದು ಕಪ್ಪಾಗಿ ಬಿದ್ದುಹೋಗುತ್ತದೆ. ಉಗುರನ್ನು ನೇರವಾಗಿ ಕತ್ತರಿಸಬೇಕು. ಹತ್ತಿಯ ಕಾಲುಚೀಲ ಬೆವರು ಕುಡಿದು ಒದ್ದೆಯಾಗಿಯೇ ಕೂರುತ್ತದೆ, ಒದ್ದೆ ಚರ್ಮ ಬೇಗ ಬೊಕ್ಕೆ ಏಳುತ್ತದೆ. ಆದ್ದರಿಂದ ಬೇಗ ಒಣಗುವಂಥದ್ದನ್ನು ಹಾಕಿ, ಕೂತಾಗಲೆಲ್ಲ ಬಿಚ್ಚಿ ಗಾಳಿಗೆ ಹಿಡಿಯಬೇಕು. ಎಲ್ಲಕ್ಕಿಂತ ಮೇಲಾಗಿ, ಅಡಿಗೆರೆ ಎಳೆದದ್ದು, ಹೊಸ ಬೂಟು ಹಾಕಿಕೊಂಡು ಯಾತ್ರೆಗೆ ಹೊರಡಲೇಬಾರದು.

ಹೊರಡುವ ಹಿಂದಿನ ದಿನ ಬೆಂಗಳೂರಿನಿಂದ ಮಗ ಕಳಿಸಿದ ಪಾರ್ಸೆಲ್ ಬಂತು. ಕಿತ್ತಳೆ ಬಣ್ಣದ ಬೂಟು. ಬೆಲೆಯ ಚೀಟಿಯನ್ನು ಅವನು ಕಿತ್ತಿದ್ದ, ಕಿತ್ತ ಗುರುತು ನೋಡಿಯೇ ಬೆಲೆ ಗೊತ್ತಾಯಿತು. ಅಷ್ಟು ದುಡ್ಡು ಕೊಟ್ಟು ತಂದದ್ದನ್ನು ಪೆಟ್ಟಿಗೆಯಲ್ಲಿಟ್ಟು ಹಳೆಯ ಚಪ್ಪಲಿ ಮೆಟ್ಟಿ ಹೋಗುವುದು ನನ್ನಂಥ ಪಿಂಚಣಿದಾರನಿಗೆ ಸಾಧ್ಯವಾಗುವ ಕೆಲಸವಲ್ಲ. ಹಾಕಿಕೊಂಡೆ. ಊರು ದಾಟುವವರೆಗೆ ಚೆನ್ನಾಗಿತ್ತು. ಚಾಮರಾಜನಗರ ಕಾಣುವ ಹೊತ್ತಿಗೆ ಎರಡೂ ಹಿಮ್ಮಡಿಯಲ್ಲಿ ಬೊಕ್ಕೆ.

"ಹೊಸ ಬೂಟಾ ಸಾ?" ಅಂತ ಒಬ್ಬ ಹಾಳೆ ಬಿಡಿಸಿದ.

"ಹಳೇದೇ ಕನಪ್ಪ, ಒರೆಸಿ ಇಟ್ಟಿದ್ದೆ."

"ಅಡೀಲಿ ನಂಬರ್ ಚೀಟಿ ಅಂಟ್ಕಂಡದ ಸಾ."

ಬೊಕ್ಕೆಗೂ ಸೂಚನೆ ಇತ್ತು. ಸಣ್ಣದಾದರೆ ಒಡೆಯದೆ ಪಟ್ಟಿ ಹಾಕಿ. ನಡೆಯಲಾಗದಷ್ಟು ದೊಡ್ಡದಾದರೆ ಶುದ್ಧಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ, ಮೇಲಿನ ಚರ್ಮವನ್ನು ಕೀಳಬೇಡಿ. ಸೂಜಿ ಹಿಡಿದು ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ, ತಾಳವಾಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ಏಳನೆಯ ತರಗತಿಯಲ್ಲಿ ಅವಳಿಗೆ ಗಣಿತದ ವಿಷಯಕ್ಕೆ ಬಹಳ ಪೆಟ್ಟು ಕೊಟ್ಟಿದ್ದೆ ಅನ್ನುವುದು ಸೂಜಿ ಹತ್ತಿರ ಬಂದಾಗ ನೆನಪಾಯಿತು. ಅವಳಿಗೂ ನೆನಪಿದ್ದಂತೆ ಕಂಡಿತು. ಕೆಲಸವನ್ನೇನೋ ಅಚ್ಚುಕಟ್ಟಾಗಿಯೇ ಮಾಡಿದಳು, ಆದರೆ ಚುಚ್ಚುವ ಮುಂಚೆ ಹದಿನೇಳರ ಮಗ್ಗಿ ಹೇಳಿ ಸಾ ಅಂದಳು.

ಚೀಲದ ಭಾರ ಮೈತೂಕದ ಹತ್ತನೇ ಒಂದು ಪಾಲು ಮೀರಬಾರದು ಅಂತ ಬರೆದಿದ್ದೆ. ನನ್ನ ಚೀಲವನ್ನು ನಾನು ತೂಗಿರಲಿಲ್ಲ. ಸಂತೇಮರಹಳ್ಳಿಯಲ್ಲಿ ಮುಸುಕಿನ ಜೋಳ ಕೊಳ್ಳುವ ಅಂಗಡಿಯ ಮುಂದೆ ನೆರಳಿಗೆ ಕೂತಾಗ ಹುಡುಗರು (ಐವತ್ತಾದರೂ ನನಗೆ ಅವರು ಹುಡುಗರೇ) ಅದನ್ನು ಎತ್ತಿ ತಕ್ಕಡಿಯ ಮೇಲಿಟ್ಟರು. ಅಂಗಡಿಯವನು ಮುಳ್ಳು ನೋಡಿ, ತೇವಾಂಶ ಎಷ್ಟಿದೆ ಅಂತ ಕೇಳಿದ. ಬಿಚ್ಚಿದರು. ಎರಡು ಜಮಖಾನ, ಬಿ.ಪಿ. ನೋಡುವ ಯಂತ್ರ, ಫ್ಲಾಸ್ಕು, ಛತ್ರಿ, ಪಂಚಾಂಗ, ಮಗ ಕಳಿಸಿದ ಮಡಿಚುವ ಕೋಲು (ಯಾತ್ರೆಯುದ್ದಕ್ಕೂ ಮಡಿಚಿಕೊಂಡೇ ಇತ್ತು, ಬಿಡಿಸುವ ಗುಂಡಿ ಸಿಗಲಿಲ್ಲ), ಹಂಚಿ ಉಳಿದ ಸೂಚನಾಪತ್ರಗಳ ಕಟ್ಟು. ಆಮೇಲೆ ನನ್ನ ಸಾಮಾನನ್ನು ಇಡೀ ಪರಸೆ ಪಾಲು ಹಾಕಿಕೊಂಡು ಹೊತ್ತಿತು. ನಮ್ಮವಳ ಕೈಯಲ್ಲಿ ಒಂದು ಬಟ್ಟೆಯ ಗಂಟು ಮಾತ್ರ ಇತ್ತು. ಅವಳು ಯಾವಾಗಲೂ ನನಗಿಂತ ಎರಡು ಫರ್ಲಾಂಗು ಮುಂದೆ. ಹಾಳೆಯನ್ನು ಏನು ಮಾಡಿದೆ ಅಂದರೆ, ಚಿತ್ರಾನ್ನ ಕಟ್ಟಿದೆ ಅಂದಳು.

ನೀರಿನ ಸಂಗತಿ ಸ್ವಲ್ಪ ಗಂಭೀರವಾದದ್ದು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ಬಾಯಾರಿದಾಗ ಕುಡಿಯುತ್ತೇನೆ ಅಂದರೆ ಹೊತ್ತು ಮೀರಿರುತ್ತದೆ. ಬಿ.ಪಿ.ಗೆ ಮೂತ್ರ ಹೋಗಿಸುವ ಮಾತ್ರೆ ನುಂಗುವವರು ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಬೇಕು. ಓ.ಆರ್.ಎಸ್. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಬೆರೆಸಬೇಕು. ಮೈಯಲ್ಲಿ ನೀರು ಕಡಿಮೆಯಾಗಿರುವಾಗ ನೋವಿನ ಮಾತ್ರೆ ನುಂಗುತ್ತ ಹೋದರೆ ಮೂತ್ರಪಿಂಡಕ್ಕೆ ಪೆಟ್ಟು. ಎಲ್ಲವೂ ನನ್ನ ಹಾಳೆಯಲ್ಲಿತ್ತು. ಆದರೆ ನೀರು ಕುಡಿದರೆ ಮೇಷ್ಟ್ರು ಹಳೆಯ ವಿದ್ಯಾರ್ಥಿನಿಯರ ಎದುರಿಗೆ ಗಳಿಗೆಗೊಮ್ಮೆ ಬೇಲಿ ಹುಡುಕಬೇಕಾಗುತ್ತದೆ ಅನ್ನುವುದು ಯಾವ ವೈದ್ಯಗ್ರಂಥದಲ್ಲೂ ಇಲ್ಲ. ಮರ್ಯಾದೆ ಉಳಿಸಿಕೊಳ್ಳಲು ನೀರು ಬಿಟ್ಟೆ. ಯಳಂದೂರು ದಾಟಿ ಸ್ವಲ್ಪ ದೂರಕ್ಕೆ ಎರಡೂ ಮೀನಖಂಡ ಹಿಡಿದುಕೊಂಡು, ಕೂತೂ ಅಲ್ಲ ನಿಂತೂ ಅಲ್ಲ ಅನ್ನುವ ಭಂಗಿಯಲ್ಲಿ ಸಿಕ್ಕಿಕೊಂಡೆ. ಅಂಥ ಆಸನ ಅಣ್ಣಾವ್ರಿಗೂ ಬಂದಿರಲಾರದು. ಯಾರೋ ಮೊಬೈಲಿನಲ್ಲಿ ಹಿಡಿದರು. ಓ.ಆರ್.ಎಸ್. ಕುಡಿಸಿದರು. ಮರ್ಯಾದೆಯೂ ಹೋಯಿತು, ಬೇಲಿಯನ್ನೂ ಹುಡುಕಿದ್ದಾಯಿತು.

ಅಣ್ಣಾವ್ರ ಮಾತು ಬಂತಲ್ಲ. ಆ ದಾರಿಯಲ್ಲಿ ನಮ್ಮೂರಿನ ಹೆಸರು ಹೇಳಿದರೆ ಟೀ ಪುಕ್ಕಟೆ, ಆದರೆ ಕಥೆ ಹೇಳಬೇಕು. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಕರೆದೊಯ್ದದ್ದು ನಮ್ಮೂರಿನಿಂದಲೇ, ಅವರು ಬಿಡುಗಡೆಯಾದದ್ದು 108 ದಿನಗಳ ಮೇಲೆ, ನವೆಂಬರ್ 15ಕ್ಕೆ. ಇದು ಕೇಳುವವರಿಗೂ ಗೊತ್ತು. ಆದರೂ ಊರಿನವನ ಬಾಯಿಂದಲೇ ಬರಬೇಕು. ನಾನು ಅವತ್ತು ಬೇಗ ಊಟಮಾಡಿ ಮಲಗಿದ್ದೆ. ಬೆಳಿಗ್ಗೆ ಎದ್ದಾಗ ಊರಿಗೆಲ್ಲ ಗೊತ್ತಾಗಿ ನನಗೊಬ್ಬನಿಗೆ ಗೊತ್ತಿರಲಿಲ್ಲ. ಇಷ್ಟನ್ನೇ ಹೇಳಿದರೆ ಎರಡನೆಯ ಟೀ ಬರುವುದಿಲ್ಲವಾದ್ದರಿಂದ ಕೊಳ್ಳೇಗಾಲ ತಲುಪುವ ಹೊತ್ತಿಗೆ ನಾನೂ ಕಿಟಕಿಯಿಂದ ಏನೋ ಸದ್ದು ಕೇಳಿಸಿಕೊಂಡಿದ್ದೆ. ನಿಂತು ನಿಂತು ಕಾಲು ಇನ್ನಷ್ಟು ಊದಿತು. ಒಂದು ಅಂಗಡಿಯಲ್ಲಿ ಎಲ್ಲ ಕೇಳಿ ಮುಗಿಸಿ, ನಾನು ಹೊರಟ ರೀತಿ ನೋಡಿ, ಅಂಗಡಿಯವನು ಹೇಳಿದ: "ಅಣ್ಣಾವ್ರ ಊರಿನವ್ರು ಹಿಂಗ ಕುಂಟಬಾರ್ದು ಸಾ, ನೋಡಕ್ಕಾಗಲ್ಲ."

ಊಟ. ಶಿವರಾತ್ರಿಯ ದಾರಿಯಲ್ಲಿ ಹಸಿವಿನಿಂದ ಸತ್ತವರಿಲ್ಲ. ಮೈಲಿಗೊಂದು ಅರವಟ್ಟಿಗೆ. ಮಜ್ಜಿಗೆ, ಪಾನಕ, ಉಪ್ಪಿಟ್ಟು, ಬಾತು, ಕಡಲೆಕಾಳು, ಕೇಸರಿಬಾತು. ಸ್ವಲ್ಪ ಸ್ವಲ್ಪ, ಹಲವು ಸಲ ತಿನ್ನಿ ಅಂತ ಬರೆದಿದ್ದೆ. ಅದರಲ್ಲಿ 'ಹಲವು ಸಲ' ಅನ್ನುವುದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಸಕ್ಕರೆ ಕಾಯಿಲೆಯವರು ಹೆಚ್ಚು ನಡೆದಾಗ ಸಕ್ಕರೆ ದಿಢೀರನೆ ಇಳಿಯಬಹುದು, ಜೇಬಿನಲ್ಲಿ ಒಂದೆರಡು ಪೆಪ್ಪರ್‌ಮಿಂಟು ಇರಲಿ ಅಂತಲೂ ಬರೆದಿದ್ದೆ. ಆ ಒಂದು ವಾಕ್ಯದ ಆಧಾರದ ಮೇಲೆ, ಎಲ್ಲಿ ಇಳಿದುಬಿಡುತ್ತದೋ ಅನ್ನುವ ಮುಂಜಾಗ್ರತೆಯಿಂದ, ಸಿಕ್ಕಿದ ಕೇಸರಿಬಾತನ್ನೆಲ್ಲ ತಿಂದೆ. ನಮ್ಮವಳು ಮುಂದಿನ ಅರವಟ್ಟಿಗೆಗಳಿಗೆ ಮೊದಲೇ ಹೋಗಿ, ಕಿತ್ತಳೆ ಬೂಟಿನವರು ಬಂದರೆ ಸಿಹಿ ಕೊಡಬೇಡಿ ಅಂತ ಹೇಳಿಟ್ಟಿದ್ದಾಳೆ ಅನ್ನುವುದು ಹನೂರಿನಲ್ಲಿ ಗೊತ್ತಾಯಿತು. ಬೂಟು ಬಿಚ್ಚಿದೆ.

ಬಿಚ್ಚಿದ್ದಕ್ಕೆ ಅದೂ ಒಂದು ಕಾರಣ, ಹಿಮ್ಮಡಿ ಇನ್ನೊಂದು. ಬರಿಗಾಲಲ್ಲಿ ನಡೆಯುವುದು ದೊಡ್ಡ ಹರಕೆ, ಬಹಳ ಜನ ಹಾಗೇ ಹೋಗುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಮಾತ್ರ ಆ ಸಾಹಸಕ್ಕೆ ಹೋಗಬಾರದು, ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ, ರಾತ್ರಿ ಮಲಗುವ ಮುಂಚೆ ಪಾದ ತಿರುಗಿಸಿ ನೋಡಿಕೊಳ್ಳಬೇಕು. ನನ್ನ ಪಾದದ ಸ್ಪರ್ಶ ಎಳ್ಳಷ್ಟೂ ಮಂದವಾಗಿಲ್ಲ ಅನ್ನುವುದು ಹನೂರಿನ ಮಧ್ಯಾಹ್ನದ ಟಾರಿನ ಮೇಲೆ ಸಾಬೀತಾಯಿತು. ಕುಣಿಯುತ್ತ ಹೋಗುತ್ತಿದ್ದೆ. ಒಬ್ಬ ಅಜ್ಜಿ ಕೈಮುಗಿದು, "ನೋಡ್ರವ್ವ, ಮಾದಪ್ಪ ಮೈದುಂಬವ್ನ" ಅಂತ ಉಳಿದವರನ್ನೂ ಕರೆದಳು. ನಾಲ್ಕೈದು ಹೆಂಗಸರು ಕಾಲಿಗೆ ಬಿದ್ದರು. ತಣ್ಣೀರು ಹಾಕಿ ಕಾಲು ತೊಳೆದರು. ಸತ್ಯ ಹೇಳಬೇಕಿತ್ತು. ಆದರೆ ನೀರು ಬಹಳ ತಣ್ಣಗಿತ್ತು.

ಸ್ಪೇನ್ ದೇಶದಲ್ಲಿ ಸ್ಯಾಂಟಿಯಾಗೋ ಅನ್ನುವ ಊರಿಗೆ ಹೀಗೇ ನಡೆದುಹೋಗುತ್ತಾರಂತೆ, ಕೊನೆಯ 100 ಕಿಲೋಮೀಟರಾದರೂ ನಡೆದವರಿಗೆ ದಾರಿಯುದ್ದಕ್ಕೂ ಮೊಹರು ಹಾಕಿಸಿಕೊಂಡ ಪುಸ್ತಕ ನೋಡಿ ಪ್ರಮಾಣಪತ್ರ ಕೊಡುತ್ತಾರೆ ಅಂತ ಮಗ ಫೋನಿನಲ್ಲಿ ಹೇಳಿದ. ಪ್ರಮಾಣಪತ್ರ ಅಂದಕೂಡಲೆ ನನ್ನ ನೋವು ಅರ್ಧ ಇಳಿಯಿತು. ನಮ್ಮ ಕಡೆ ಯಾಕಿಲ್ಲ ಅಂತ ಪರಸೆಯಲ್ಲಿ ಪ್ರಸ್ತಾಪಿಸಿದೆ. "ಮಾದಪ್ಪಂಗ ಗೊತ್ತಿದ್ರ ಸಾಲ್ದಾ ಸಾ?" ಅಂದರು. ನಿವೃತ್ತ ನೌಕರನ ಸಂಕಟ ಅವರಿಗೇನು ಗೊತ್ತು! ಬದುಕಿದ್ದೇನೆ ಅನ್ನುವುದಕ್ಕೂ ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡುವವನು ನಾನು.

ಕೌದಳ್ಳಿಯಲ್ಲಿ ರಾತ್ರಿ ಒಂದು ಜಗಲಿಯ ಮೇಲೆ ಕಂಸಾಳೆಯವರು ಮಾದಪ್ಪನ ಕಥೆ ಎತ್ತಿದರು. ಶ್ರವಣಾಸುರನ ಭಾಗ. ಅಸುರನನ್ನು ಮುಗಿಸಲು ಮಾದಪ್ಪ ಹರಳಯ್ಯನ ಕೈಯಿಂದ ಅರಗಿನ ಪಾದುಕೆ ಮಾಡಿಸಿದ್ದು, ಅವನು ಅದರ ಅಂದಕ್ಕೆ ಮರುಳಾಗಿ ಮೆಟ್ಟಿದ್ದು, ಅದೇ ಅವನಿಗೆ ಮೃತ್ಯುವಾದದ್ದು. ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಯಾವಾಗಲೂ ಮಾದಪ್ಪನ ಕಡೆಗೇ ಇದ್ದವನು. ಆ ರಾತ್ರಿ ಮಾತ್ರ, ಎರಡೂ ಪಾದಕ್ಕೆ ಹರಳೆಣ್ಣೆ ಹಚ್ಚಿಕೊಂಡು ಗೋಡೆಗೆ ಕಾಲು ಎತ್ತಿ ಮಲಗಿದ್ದಾಗ, ಅಸುರನ ಮೇಲೆ ಕನಿಕರ ಹುಟ್ಟಿತು. ಪಾಪ, ಅವನಿಗೂ ಬಹುಶಃ ಬೆಲೆಯ ಚೀಟಿ ಕಿತ್ತೇ ಕೊಟ್ಟಿರಬೇಕು. ಪಕ್ಕದಲ್ಲಿದ್ದ ಬೂಟನ್ನು ಆಚೆ ತಳ್ಳಿದೆ.

ಅಲ್ಲಿಂದ ಮುಂದೆ ಕಾಡು. ನಸುಕಿಗೆ ಮುಂಚೆ, ಕತ್ತಲಾದ ಮೇಲೆ ಕಾಡಿನ ದಾರಿಯಲ್ಲಿ ನಡೆಯಬೇಡಿ, ಗುಂಪು ಬಿಟ್ಟು ಹೋಗಬೇಡಿ ಅಂತ ದಪ್ಪಕ್ಷರದಲ್ಲಿ ಬರೆದಿದ್ದೆ. ಆದರೆ ಟಾರು ಕಾಯುವ ಮುಂಚೆ ತಾಳುಬೆಟ್ಟ ಸೇರಬೇಕು ಅಂತ ನಾನೇ ಎಲ್ಲರನ್ನೂ ಕತ್ತಲಲ್ಲೇ ಎಬ್ಬಿಸಿದೆ. ಧೈರ್ಯ ಹೇಳುವುದಕ್ಕೆ ನನಗೆ ಅಧಿಕಾರವೂ ಇತ್ತು. ಸತ್ಯಮಂಗಲದ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಬದುಕುವವರು ನಾವು. ಜೋಳ ತೆನೆಗಟ್ಟಿದರೆ ಆನೆಗಳು ಕರೆಯದ ನೆಂಟರಂತೆ ಬಂದೇ ಬರುತ್ತವೆ. ಆನೆಯ ಮನೋಧರ್ಮದ ಬಗ್ಗೆ ದಾರಿಯುದ್ದಕ್ಕೂ ಪಾಠ ಮಾಡುತ್ತ ಹೋದೆ. ಒಂದು ತಿರುವಿನಲ್ಲಿ ಕಂಡಿತು. ರಸ್ತೆಯ ಪಕ್ಕ, ಕಪ್ಪಗೆ, ಕದಲದೆ. "ಒಂಟಿ ಸಲಗ" ಅಂದವನು ನಾನು. ಮುಂದಿನದನ್ನು ಬೇರೆಯವರ ಬಾಯಿಂದ ಕೇಳಿ ತಿಳಿದೆ. ಬೊಕ್ಕೆ, ಮಂಡಿ, ಮೀನಖಂಡ ಎಲ್ಲ ಮರೆತು ಕೌದಳ್ಳಿಯ ಕಡೆಗೆ ಓಡಿದ ವೇಗವನ್ನು ಈಗಲೂ ಅಭಿನಯಿಸಿ ತೋರಿಸುತ್ತಾರೆ. ಅದು ಅರವಟ್ಟಿಗೆಯವರು ಟಾರ್ಪಾಲು ಹೊದಿಸಿ ನಿಲ್ಲಿಸಿದ್ದ ನೀರಿನ ಟ್ಯಾಂಕರು. ನಮ್ಮವಳು ಅದರ ನಲ್ಲಿ ತಿರುಗಿಸಿ ಮುಖ ತೊಳೆದು ಬಂದಳಂತೆ.

"ಗುಂಪು ಬುಟ್ಟು ಹೋಗ್ಬಾರ್ದು ಅಂತ ಬರ್ದಿದ್ದರಿ ಸಾ," ಅಂತ ಹುಡುಕಿಕೊಂಡು ಬಂದವನು ವಿನಯದಿಂದಲೇ ಹೇಳಿದ.

ತಾಳುಬೆಟ್ಟದಿಂದ ಮೇಲಕ್ಕೆ ಏರುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆನೆಮಲೆ, ಜೇನುಮಲೆ, ಕಾನುಮಲೆ ಅಂತ ಏಳುಮಲೆಗಳನ್ನು ಹಾಡಿನಲ್ಲಿ ಒಂದೇ ಉಸಿರಿಗೆ ದಾಟಿಸುತ್ತಾರೆ, ಹಾಡಿದವರು ಅಭ್ಯಾಸವಿದ್ದವರು. ಊರಿನಿಂದ ತಂದ ಬಿದಿರು ಕೋಲನ್ನು ಒಬ್ಬ ಕೈಗೆ ಕೊಟ್ಟ. ಮೊಣಕೈ ಲಂಬಕೋನಕ್ಕೆ ಬರುವಷ್ಟು ಎತ್ತರ, ಹಾಳೆಯಲ್ಲಿದ್ದ ಅಳತೆಗೇ ಕತ್ತರಿಸಿದ್ದ. ಹತ್ತುವಾಗ ಎದೆಗೆ ಕಷ್ಟ, ಇಳಿಯುವಾಗ ಮಂಡಿಗೆ ಅಂತ ಬರೆದಿದ್ದೆನಲ್ಲ, ಅಲ್ಲಿ ಎರಡಕ್ಕೂ ಒಟ್ಟಿಗೇ ಆಯಿತು. ಉಘೇ ಉಘೇ ಮಾದಪ್ಪ ಅಂತ ಎಲ್ಲರೂ ಕೂಗುವಾಗ ನಾನು ಮೊದಲ 'ಉ'ಕಾರದಲ್ಲೇ ನಿಂತುಬಿಡುತ್ತಿದ್ದೆ.

ಅಂತೂ ಶಿವರಾತ್ರಿಯ ಸಂಜೆಗೆ ಬೆಟ್ಟ ಸೇರಿದೆವು. ಜಾತ್ರೆಯ ಬೆಳಕು, ಕಂಸಾಳೆ, ಧೂಪ, ಜನ. ಬಂದದ್ದೇ ಜಾಗರಣೆಗೆ. ದರ್ಶನದ ಸಾಲಿನಲ್ಲಿ ಕಂಬಿಗೆ ಬೆನ್ನುಕೊಟ್ಟು ಐದು ನಿಮಿಷ ಕೂರುತ್ತೇನೆ, ಸಾಲು ಸರಿದಾಗ ಕೂಗಿ ಅಂದೆ. ಕಣ್ಣುಬಿಟ್ಟಾಗ ಬಿಸಿಲು. ಪಕ್ಕದಲ್ಲಿ ಪರಸೆಯವರು ವಿಭೂತಿ ಬಳಿದುಕೊಂಡು, ಪೂಜೆ ಮುಗಿಸಿ, ಹುಲಿವಾಹನ ನೋಡಿ, ಲಾಡು ತಿನ್ನುತ್ತಿದ್ದರು. ರಾತ್ರಿಯೆಲ್ಲ ಊರಿಗೆ ಊರೇ ಎದ್ದಿದ್ದ ಕಡೆ ಗೊರಕೆ ಹೊಡೆದವನು ನಾನೊಬ್ಬನೇ.

"ಯಾಕ್ರಯ್ಯ ಎಬ್ಬಿಸ್ಲಿಲ್ಲ?"

ರವಿಕೆ ಹೊಲಿಯುವವಳು ಹಾಳೆ ತೆಗೆದು, ಪಾಠ ಒಪ್ಪಿಸುವ ಧಾಟಿಯಲ್ಲಿ ಓದಿದಳು. ಹದಿನಾರನೆಯ ಸೂಚನೆ: ವಯಸ್ಸಾದವರಿಗೆ ನಿದ್ದೆಯೇ ಔಷಧಿ, ಮಲಗಿದವರನ್ನು ಯಾವ ಕಾರಣಕ್ಕೂ ಎಬ್ಬಿಸತಕ್ಕದ್ದಲ್ಲ. 'ಯಾವ ಕಾರಣಕ್ಕೂ' ಅನ್ನುವುದಕ್ಕೆ ಅಡಿಗೆರೆ ಇತ್ತು.

ಬೆಳಗಿನ ಸಾಲಿನಲ್ಲಿ ಮತ್ತೆ ನಿಂತು, ಕೈಮುಗಿದು ಬಂದೆ. ಇಳಿಯುವುದು ಬಸ್ಸಿನಲ್ಲಿ ಅಂತ ಮಂಡಿಯೇ ತೀರ್ಮಾನಿಸಿತ್ತು. ಕರ್ನಾಟಕದ ಸರ್ಕಾರಿ ಬಸ್ಸು, ಆ ರಾಜ್ಯದ ಹೆಂಗಸರಿಗೆ 2023ರಿಂದ ಟಿಕೆಟ್ಟಿಲ್ಲ. ನಮ್ಮವಳು ಆಧಾರ್ ತೋರಿಸಿದಳು. ಕಂಡಕ್ಟರು ತಿರುಗಿಸಿ ನೋಡಿ, "ಇದು ತಮಿಳುನಾಡಿಂದು ಕಣಮ್ಮ" ಅಂದ.

"ನಾವೂ ಮಾದಪ್ಪನೂ ಒಂದೇ ಜಿಲ್ಲೆಯವ್ರು ಕನಪ್ಪ. ನಡುವ ಗೆರ ಎಳ್ದವ್ರು ನಾವಾ?"

ಕಂಡಕ್ಟರು ನಕ್ಕು, ಆದರೂ ಟಿಕೆಟ್ ಹರಿದ. ಅವಳು ದುಡ್ಡು ಕೊಟ್ಟು, ನಮ್ಮ ಕಡೆಯ ಟೌನ್ ಬಸ್ಸಿನಲ್ಲಿ ನಿಮ್ಮ ಹೆಂಡತಿಯನ್ನು ನಾನೇ ಪುಕ್ಕಟೆ ಕರಕೊಂಡು ಹೋಗುತ್ತೇನೆ ಅಂದಳು. ಅಷ್ಟರಲ್ಲಿ ಹುಡುಗರು ಒಬ್ಬೊಬ್ಬರಾಗಿ ಬಂದು, ತಾವು ಹೊತ್ತಿದ್ದ ನನ್ನ ಜಮಖಾನ, ಫ್ಲಾಸ್ಕು, ಯಂತ್ರ, ಪಂಚಾಂಗ, ಕೋಲು, ಹಾಳೆಗಳ ಕಟ್ಟು, ಎಲ್ಲವನ್ನೂ ಗೌರವದಿಂದ ಚೀಲಕ್ಕೆ ತುಂಬಿ, ಮೇಲೆ ಕಿತ್ತಳೆ ಬೂಟು ಇಟ್ಟು, ನನ್ನ ತೊಡೆಯ ಮೇಲೆ ಕೂರಿಸಿದರು. ಕಂಡಕ್ಟರು ಚೀಲದ ಹಿಡಿ ಹಿಡಿದು ಎತ್ತಿ ನೋಡಿದ, ಕೆಳಗಿಟ್ಟ, ಬೆರಳಿಗೆ ಎಂಜಲು ಹಚ್ಚಿಕೊಂಡು ನನಗೆ ಇನ್ನೊಂದು ಟಿಕೆಟ್ ಹರಿದ.

"ಲಗೇಜು" ಅಂದ.